ಮುದ್ರೆ ಬೀಳುವ ತನಕ

ಗದಗ ಜಿಲ್ಲೆಯಲ್ಲಿ ಗಜೇಂದ್ರಗಡದ ಸಮೀಪವಿರುವ ಸೂಡಿಗೆ ಇವತ್ತು ಹೋಗುವವರು ಜೋಡು ಕಳಸದ ಗುಡಿಯನ್ನೂ ನಾಗಕುಂಡದ ಕೆತ್ತನೆಯನ್ನೂ ನೋಡಿ ಬರುತ್ತಾರೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಈ ಊರಿಗೆ ಇನ್ನೊಂದು ಹೆಗ್ಗಳಿಕೆಯೂ ಇತ್ತು. ಲಕ್ಕುಂಡಿಯಂತೆ ಸೂಡಿಯಲ್ಲೂ ಟಂಕಸಾಲೆ ಇತ್ತು. ರಾಜ್ಯದ ಮುಖ್ಯ ಟಂಕಸಾಲೆಗಳೆಂದು ಹೆಸರಾದವು ಇವೆರಡೇ. ಆ ಕಾಲದ ಗದ್ಯಾಣವೆಂದರೆ 96 ಗ್ರೇನ್ ತೂಕದ ಚಿನ್ನದ ನಾಣ್ಯ. ಅಷ್ಟೇ ತೂಕದ ಚಿನ್ನದ ಗಟ್ಟಿಗೂ ಗದ್ಯಾಣಕ್ಕೂ ಬೆಲೆಯಲ್ಲಿ ಅಂಥ ಅಂತರವಿರಲಾರದು. ಆದರೆ ಗಟ್ಟಿಯನ್ನು ಪಡೆಯುವವನು ಪ್ರತಿಸಲವೂ ತೂಗಬೇಕು, ಒರೆಗಲ್ಲಿಗೆ ಉಜ್ಜಬೇಕು. ನಾಣ್ಯವನ್ನಾದರೆ ಎಣಿಸಿ ತೆಗೆದುಕೊಂಡರೆ ಮುಗಿಯಿತು. ಒಬ್ಬರು ಒಮ್ಮೆ ಪರೀಕ್ಷಿಸಿ ಮುದ್ರೆ ಒತ್ತಿದ್ದರಿಂದ ಸಾವಿರಾರು ಜನರ ಪರೀಕ್ಷೆಯ ಶ್ರಮ ಉಳಿಯಿತು. ಇಂದು ನಮ್ಮ ಫೋನು, ಬ್ಯಾಂಕು, ಆಸ್ಪತ್ರೆಗಳನ್ನೆಲ್ಲ ನಡೆಸುತ್ತಿರುವ ಓಪನ್ ಸೋರ್ಸ್ ತಂತ್ರಾಂಶದಲ್ಲೂ ಇಂಥದೇ ಒಂದು ಘಟ್ಟವಿದೆ. ಕೋಡ್ ಬರೆಯುವುದರ ಬಗ್ಗೆ ನಾವು ಬೇಕಾದಷ್ಟು ಮಾತಾಡುತ್ತೇವೆ. ಬರೆದದ್ದನ್ನು ಪರೀಕ್ಷಿಸಿ, ಮೂಲಕ್ಕೆ ಸೇರಿಸಿ, ಮುದ್ರೆ ಒತ್ತಿ ಹೊರಗೆ ಕಳಿಸುವ ಕೆಲಸದ ಬಗ್ಗೆ ಮಾತು ಕಡಿಮೆ. ಕನ್ನಡದ ಕಂಪ್ಯೂಟರ್ ಬಳಕೆ ಇವತ್ತು ಎಲ್ಲೆಲ್ಲಿ ಸೊರಗಿದೆಯೋ ಅಲ್ಲಿ ಬಹುಮಟ್ಟಿಗೆ ಕೊರತೆಯಾಗಿರುವುದು ಈ ಎರಡನೆಯ ಕೆಲಸ ಮಾಡುವವರದು.

ಕೆಲಸ ಹೇಗೆ ಸಾಗುತ್ತದೆ ಎಂಬುದನ್ನು ಮೊದಲು ನೋಡೋಣ. ಓಪನ್ ಸೋರ್ಸ್ ಎಂದರೆ ಮೂಲ ಕೋಡನ್ನು ಯಾರು ಬೇಕಾದರೂ ಓದಬಹುದಾದ, ತಿದ್ದಬಹುದಾದ, ಹಂಚಬಹುದಾದ ತಂತ್ರಾಂಶ. ತಿದ್ದುವ ಹಕ್ಕು ಎಲ್ಲರಿಗೂ ಇದೆ; ಆದರೆ ಮೂಲ ಪ್ರತಿಯನ್ನು ನೇರವಾಗಿ ತಿದ್ದುವ ಅಧಿಕಾರ ಇರುವುದು ಅದನ್ನು ನೋಡಿಕೊಳ್ಳುವ ಕೆಲವರಿಗೆ ಮಾತ್ರ. ಅವರನ್ನು ಮೇಂಟೇನರ್ ಎನ್ನುತ್ತಾರೆ. ಹೊರಗಿನವರು ತಮ್ಮ ಪ್ರತಿಯಲ್ಲಿ ತಿದ್ದುಪಡಿ ಮಾಡಿ, 'ಇದನ್ನು ಸೇರಿಸಿಕೊಳ್ಳಿ' ಎಂದು ಕೋರಿಕೆ ಕಳಿಸುತ್ತಾರೆ. ಗಿಟ್‌ಹಬ್‌ನಂಥ ತಾಣಗಳಲ್ಲಿ ಇದಕ್ಕೆ ಪುಲ್ ರಿಕ್ವೆಸ್ಟ್ ಎಂದು ಹೆಸರು. ಮೇಂಟೇನರ್ ಅದನ್ನು ಸಾಲುಸಾಲಾಗಿ ಓದುತ್ತಾರೆ, ಪ್ರಶ್ನೆ ಕೇಳುತ್ತಾರೆ, ಬದಲಾವಣೆ ಬೇಡುತ್ತಾರೆ. ಯಂತ್ರವೇ ನಡೆಸುವ ಪರೀಕ್ಷೆಗಳೂ ಇರುತ್ತವೆ. ಎಲ್ಲ ಸರಿ ಎನಿಸಿದರೆ ಮೂಲಕ್ಕೆ ಸೇರುತ್ತದೆ, ಅಂದರೆ ಮರ್ಜ್ ಆಗುತ್ತದೆ. ಬಹಳ ಜನ ಕೆಲಸ ಇಲ್ಲಿಗೆ ಮುಗಿಯಿತೆಂದು ತಿಳಿಯುತ್ತಾರೆ, ಮುಗಿದಿರುವುದಿಲ್ಲ. ಮರ್ಜ್ ಆದ ಕೋಡ್ ಮೂಲ ಪ್ರತಿಯಲ್ಲಿ ಕೂತಿರುತ್ತದೆ, ಅಷ್ಟೇ. ಮೇಂಟೇನರ್ ಇನ್ನೊಂದು ದಿನ ಅದಕ್ಕೊಂದು ಆವೃತ್ತಿ ಸಂಖ್ಯೆ ಕೊಟ್ಟು, ಕಟ್ಟು ಕಟ್ಟಿ, ಪ್ಯಾಕೇಜ್ ರಿಜಿಸ್ಟ್ರಿ ಎಂಬ ಸಾರ್ವಜನಿಕ ಉಗ್ರಾಣಕ್ಕೆ ಏರಿಸಬೇಕು. ಪೈಥಾನ್ ಭಾಷೆಯವರಿಗೆ ಪೈಪಿಐ, ಜಾವಾಸ್ಕ್ರಿಪ್ಟ್‌ನವರಿಗೆ ಎನ್‌ಪಿಎಂ, ಲಿನಕ್ಸ್ ಬಳಸುವವರಿಗೆ ಡೆಬಿಯನ್, ಫೆಡೋರಾಗಳ ಭಂಡಾರಗಳು. ಜಗತ್ತಿನ ಕಂಪ್ಯೂಟರುಗಳು ತಮಗೆ ಬೇಕಾದ್ದನ್ನು ತರಿಸಿಕೊಳ್ಳುವುದು ಈ ಉಗ್ರಾಣಗಳಿಂದ. ಅಲ್ಲಿಗೆ ಏರದ ಕೋಡ್ ಬಳಕೆದಾರನ ಮಟ್ಟಿಗೆ ಇಲ್ಲದಂತೆಯೇ.

ಈ ದಾರಿಯನ್ನು ಪೂರ್ತಿ ನಡೆದ ಒಂದು ಕೊಡುಗೆ ಕರ್ನಾಟಕದ್ದೇ ಇದೆ. ಲಿನಕ್ಸ್ ಹಾಕಿದ ಯಾವುದೇ ಕಂಪ್ಯೂಟರಿನಲ್ಲಿ ಕೀಲಿಮಣೆಯ ಪಟ್ಟಿ ತೆರೆದರೆ ಕನ್ನಡದ ಕೆಳಗೆ 'ಕಗಪ, ಫೊನೆಟಿಕ್' ಎಂಬ ಆಯ್ಕೆ ಸಿಗುತ್ತದೆ. ಕಗಪ ಎಂದರೆ ಕನ್ನಡ ಗಣಕ ಪರಿಷತ್ತು. ಕೆ.ಪಿ. ರಾವ್ ಅವರು ರೂಪಿಸಿದ ಧ್ವನಿ ಆಧಾರಿತ ವಿನ್ಯಾಸ ಇದರ ಮೂಲ. ಇಂಗ್ಲಿಷಿನ ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಎರಡು ವ್ಯಂಜನಗಳ ನಡುವೆ ಎಫ್ ಒತ್ತಿದರೆ ಒತ್ತಕ್ಷರ. ನುಡಿ ತಂತ್ರಾಂಶದ ಮೂಲಕ ಇದು ಸರ್ಕಾರಿ ಕಚೇರಿಗಳ ಬೆರಳುಗಳಿಗೆಲ್ಲ ಅಭ್ಯಾಸವಾಯಿತು. ನುಡಿಯಲ್ಲಿ ಮಾತ್ರ ಉಳಿದಿದ್ದರೆ ಈ ವಿನ್ಯಾಸ ನುಡಿ ಇರುವ ಕಂಪ್ಯೂಟರುಗಳಲ್ಲಿ ಮಾತ್ರ ಬದುಕಿರುತ್ತಿತ್ತು. ಹಾಗಾಗಲಿಲ್ಲ. ಲಿನಕ್ಸ್ ಲೋಕದ ಕೀಲಿಮಣೆಗಳನ್ನೆಲ್ಲ ಒಂದೆಡೆ ಇಟ್ಟು ಕಾಯುವ ಎಕ್ಸ್‌ಕೀಬೋರ್ಡ್-ಕಾನ್ಫಿಗ್ ಎಂಬ ಯೋಜನೆಗೆ ಈ ವಿನ್ಯಾಸ ಹೋಯಿತು, ಅಲ್ಲಿ ಮರ್ಜ್ ಆಯಿತು, ಆ ಯೋಜನೆಯ ಬಿಡುಗಡೆಗಳಲ್ಲಿ ಹೊರಬಂತು. ವಿನ್ಯಾಸದ ಕಡತ ದೊಡ್ಡದೇನಲ್ಲ. ಯಾವ ಕೀಲಿಗೆ ಯಾವ ಅಕ್ಷರ ಎಂಬ ಕೆಲವು ಹತ್ತು ಸಾಲುಗಳು, ಜೊತೆಗೆ ಪಟ್ಟಿಯಲ್ಲಿ ಹೆಸರು ಕಾಣಿಸಲು ಇನ್ನೊಂದು ಕಡತದಲ್ಲಿ ನಮೂದು. ಆದರೆ ಅದು ಸೇರಿದ ಜಾಗ ಸರಿಯಾಗಿತ್ತು. ಡೆಬಿಯನ್, ಉಬುಂಟು, ಫೆಡೋರಾ ಎಲ್ಲವೂ ಕೀಲಿಮಣೆಗಳನ್ನು ಈ ಒಂದೇ ಮೂಲದಿಂದ ಪಡೆಯುವುದರಿಂದ, ಒಂದು ಕಡೆ ಸೇರಿದ್ದು ಎಲ್ಲೆಡೆ ತಲುಪಿತು. ಇನ್ನೂ ಸಂತೋಷದ ಸಂಗತಿಯೆಂದರೆ, ಅದೇ ಪಟ್ಟಿಯಲ್ಲಿ ಹಿಂದಿ, ಮರಾಠಿ, ಸಂಸ್ಕೃತ, ತೆಲುಗುಗಳಿಗೂ ಕಗಪ ಎಂಬ ಹೆಸರಿನದೇ ವಿನ್ಯಾಸಗಳಿವೆ. ಬೆಂಗಳೂರಿನ ಪರಿಷತ್ತೊಂದರ ಹೆಸರು ಪುಣೆಯಲ್ಲಿ ಮರಾಠಿ ಬರೆಯುವವನ ತೆರೆಯ ಮೇಲೂ ಕಾಣುತ್ತದೆ. ಪ್ರಚಾರಕ್ಕೆ ಹಣ ಸುರಿದು ಸಾಧಿಸಲಾಗದ ವ್ಯಾಪ್ತಿ ಇದು.

ಮರ್ಜ್ ಆದದ್ದು ಬಳಕೆದಾರನಿಗೆ ತಲುಪುವ ಹೊತ್ತಿಗೆ ಎಷ್ಟು ಕಾಲ ಬೇಕು ಎಂಬುದನ್ನೂ ಇಲ್ಲೇ ಹೇಳಬೇಕು, ಏಕೆಂದರೆ ಹೊಸಬರ ನಿರಾಸೆಗೆ ಇದೇ ದೊಡ್ಡ ಕಾರಣ. ಎಕ್ಸ್‌ಕೀಬೋರ್ಡ್-ಕಾನ್ಫಿಗ್ ವರ್ಷಕ್ಕೆ ಕೆಲವೇ ಸಲ ಬಿಡುಗಡೆಯಾಗುತ್ತದೆ. ಆ ಬಿಡುಗಡೆಯನ್ನು ಡೆಬಿಯನ್‌ನ ಪಾಲಕರು ತಮ್ಮ ಪ್ಯಾಕೇಜಿಗೆ ತರಬೇಕು. ಅದು ಪರೀಕ್ಷಾ ಶಾಖೆಯಲ್ಲಿ ಕಾಯಬೇಕು. ಸ್ಥಿರ ಆವೃತ್ತಿ ಬರುವುದು ಸುಮಾರು ಎರಡು ವರ್ಷಕ್ಕೊಮ್ಮೆ. ಡೆಬಿಯನ್ 12 ಬಂದದ್ದು 2023ರ ಜೂನ್‌ನಲ್ಲಿ, 13 ಬಂದದ್ದು 2025ರ ಆಗಸ್ಟ್‌ನಲ್ಲಿ. ಇವೆರಡರ ನಡುವೆ ಮರ್ಜ್ ಆದ ಒಂದು ಅಕ್ಷರದ ತಿದ್ದುಪಡಿ ಸ್ಥಿರ ಆವೃತ್ತಿಯನ್ನಷ್ಟೇ ನಂಬಿರುವ ಶಾಲೆಯ ಪ್ರಯೋಗಾಲಯಕ್ಕೆ ತಲುಪಲು ಎರಡು ವರ್ಷ ಹಿಡಿದೀತು. ವಿಕಿಪೀಡಿಯದಲ್ಲಿ ಕನ್ನಡ ಬೆರಳಚ್ಚಿಸಲು ಬಳಸುವ ಜೆಕ್ವೆರಿ-ಐಎಂಇ ಎಂಬ ಕೋಡ್ ಗ್ರಂಥಾಲಯದಲ್ಲೂ ಕಗಪ, ಇನ್‌ಸ್ಕ್ರಿಪ್ಟ್, ಲಿಪ್ಯಂತರಣ ವಿನ್ಯಾಸಗಳಿವೆ. ಅಲ್ಲಿ ದಾರಿ ಚಿಕ್ಕದು, ಆದರೂ ಗ್ರಂಥಾಲಯದಲ್ಲಿ ಸೇರಿದ್ದು ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶದ ಭಾಷಾ ಆಯ್ಕೆಯ ವಿಸ್ತರಣೆಗೆ ಬಂದು, ಅಲ್ಲಿಂದ ತಾಣಕ್ಕೆ ಇಳಿಯಬೇಕು.

ಇಷ್ಟು ಕಾಯುವುದಕ್ಕಿಂತ ನಮ್ಮದೇ ಪ್ರತಿ ಮಾಡಿಕೊಂಡು ಹಂಚಬಾರದೇಕೆ ಎಂಬ ಪ್ರಶ್ನೆ ಸಹಜ. ಓಪನ್ ಸೋರ್ಸ್ ಪರವಾನಗಿಯಿಂದ ಅದಕ್ಕೆ ಅಡ್ಡಿಯಿಲ್ಲ. ಆದರೆ ಈ ಪ್ರಯೋಗವನ್ನು ಕನ್ನಡ ಆಗಲೇ ಮಾಡಿ ನೋಡಿದೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತಪಟ್ಟಿಯಾದ ಯೂನಿಕೋಡ್ ನೆಲೆಗೊಳ್ಳುವ ಮುಂಚೆ ಒಂದೊಂದು ಡಿಟಿಪಿ ತಂತ್ರಾಂಶವೂ ಕನ್ನಡ ಅಕ್ಷರಗಳಿಗೆ ತನ್ನದೇ ಸಂಕೇತ ಕೊಟ್ಟುಕೊಂಡಿತ್ತು. ಶ್ರೀಲಿಪಿಯದೊಂದು, ಆಕೃತಿಯದೊಂದು, ಬರಹ-ನುಡಿಗಳದೊಂದು. ಒಬ್ಬೊಬ್ಬರ ಕೆಲಸವೂ ಅದರ ಮಟ್ಟಿಗೆ ಚೆನ್ನಾಗಿತ್ತು, ಎಲ್ಲರೂ ಬೇಗ ಮುಗಿಸಿದರು. ಫಲವಾಗಿ ಒಂದು ಪತ್ರಿಕಾಲಯದ ಹಳೆಯ ಸಂಚಿಕೆಗಳ ಕಡತವನ್ನು ಇವತ್ತು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಗೂಗಲ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಅವನ್ನೆಲ್ಲ ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳನ್ನು ಬರೆಯಲು ಕನ್ನಡದ ಸ್ವಯಂಸೇವಕರು ಕಳೆದ ಸಮಯವನ್ನು ಹೊಸದೇನಾದರೂ ಕಟ್ಟಲು ಬಳಸಬಹುದಿತ್ತು. ಪ್ರತ್ಯೇಕ ಪ್ರತಿಯೊಂದು ಮೊದಲ ದಿನ ಉಳಿಸುವ ಸಮಯವನ್ನು ಮುಂದಿನ ಇಪ್ಪತ್ತು ವರ್ಷ ಬಡ್ಡಿ ಸಮೇತ ವಸೂಲಿ ಮಾಡುತ್ತದೆ. ಮೂಲದಲ್ಲಿ ಭದ್ರತೆಯ ತೊಂದರೆ ತಿದ್ದಿದಾಗ ನಮ್ಮ ಪ್ರತಿಯಲ್ಲೂ ತಿದ್ದಬೇಕು. ಮಾಡಿದವರು ಬೇರೆ ಕೆಲಸಕ್ಕೆ ಹೋದ ದಿನ ಅದು ನಿಂತಲ್ಲೇ ನಿಲ್ಲುತ್ತದೆ.

ಹಾಗಿದ್ದರೆ ಪರಿಶೀಲನೆಯನ್ನೇ ಚುರುಕು ಮಾಡಿ, ಬಂದದ್ದನ್ನು ಬೇಗ ಬೇಗ ಸೇರಿಸಿದರಾಯಿತಲ್ಲ ಎನ್ನುವವರಿದ್ದಾರೆ. 2024ರ ಎಕ್ಸ್‌ಝಡ್ ಪ್ರಕರಣ ಇದಕ್ಕೆ ಕೊಟ್ಟಷ್ಟು ಸ್ಪಷ್ಟ ಉತ್ತರವನ್ನು ಬೇರೆ ಯಾವುದೂ ಕೊಟ್ಟಿಲ್ಲ. ಎಕ್ಸ್‌ಝಡ್ ಎಂಬುದು ಕಡತಗಳನ್ನು ಕುಗ್ಗಿಸುವ ಸಣ್ಣ ತಂತ್ರಾಂಶ. ಬಹುತೇಕ ಎಲ್ಲ ಲಿನಕ್ಸ್ ಸರ್ವರುಗಳಲ್ಲಿ ಇರುತ್ತದೆ. ವರ್ಷಗಳ ಕಾಲ ಅದನ್ನು ನೋಡಿಕೊಂಡವರು ಮುಖ್ಯವಾಗಿ ಒಬ್ಬರೇ, ಲಾಸೆ ಕಾಲಿನ್ ಎಂಬ ಸ್ವಯಂಸೇವಕ. ಜಿಯಾ ಟಾನ್ ಎಂಬ ಹೆಸರಿನಲ್ಲಿ ಒಬ್ಬರು ತಿದ್ದುಪಡಿಗಳನ್ನು ಕಳಿಸತೊಡಗಿದರು. ಅದೇ ಹೊತ್ತಿಗೆ ಅಪರಿಚಿತ ಹೆಸರುಗಳಿಂದ, ಕೆಲಸ ನಿಧಾನವಾಗುತ್ತಿದೆ, ಜವಾಬ್ದಾರಿ ಬೇರೆಯವರಿಗೆ ಕೊಡಿ ಎಂಬ ಒತ್ತಡದ ಪತ್ರಗಳು ಬಂದವು. ದಣಿದಿದ್ದ ಪಾಲಕರು ಜಿಯಾ ಟಾನ್‌ಗೆ ಅಧಿಕಾರ ಕೊಟ್ಟರು. 2024ರ ಫೆಬ್ರುವರಿ, ಮಾರ್ಚ್‌ಗಳಲ್ಲಿ ಬಂದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಸರ್ವರುಗಳೊಳಗೆ ನುಗ್ಗಲು ಕಳ್ಳಬಾಗಿಲು ಇತ್ತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಬೆನ್ನುಹತ್ತಿ ಮಾರ್ಚ್ 29ರಂದು ಅದನ್ನು ಬಯಲಿಗೆ ತಂದರು. ಹೆಚ್ಚಿನ ಸ್ಥಿರ ಆವೃತ್ತಿಗಳಿಗೆ ಅದು ಇನ್ನೂ ಇಳಿದಿರಲಿಲ್ಲ. ಎರಡು ವರ್ಷದ ಆ ನಿಧಾನ, ಹೊಸಬರನ್ನು ರೇಗಿಸುವ ಅದೇ ನಿಧಾನ, ಈ ಸಲ ಜಗತ್ತನ್ನು ಕಾಪಾಡಿತು.

ಈ ಪ್ರಕರಣದಲ್ಲಿ ಪತ್ರಿಕೆಗಳು ಅಷ್ಟಾಗಿ ವಿವರಿಸದ ಒಂದು ಅಂಶ ನಮ್ಮ ವಿಷಯಕ್ಕೆ ತುಂಬ ಮುಖ್ಯ. ಕಳ್ಳಬಾಗಿಲನ್ನು ಚಾಲೂ ಮಾಡುವ ತುಣುಕು ಎಲ್ಲರೂ ಓದಬಹುದಾದ ಮೂಲ ಪ್ರತಿಯಲ್ಲಿ ಇರಲಿಲ್ಲ. ಬಿಡುಗಡೆಗೆಂದು ಕಟ್ಟಿದ ಕಟ್ಟಿನೊಳಗೆ ಮಾತ್ರ ಅದನ್ನು ಸೇರಿಸಲಾಗಿತ್ತು. ಅಂದರೆ ಮರ್ಜ್ ಆದದ್ದೇ ಬೇರೆ, ಪ್ರಕಟವಾದದ್ದೇ ಬೇರೆ. ಮರ್ಜ್ ಮಾಡುವಾಗ ಎಷ್ಟೇ ಕಟ್ಟುನಿಟ್ಟಾಗಿದ್ದರೂ ಕಟ್ಟು ಕಟ್ಟುವವರ ಮೇಲೆ ಕಣ್ಣಿಲ್ಲದಿದ್ದರೆ ಪರಿಶೀಲನೆ ಅರ್ಧವೇ. ಪೈಪಿಐ 2023ರ ಏಪ್ರಿಲ್‌ನಲ್ಲಿ ತಂದ 'ಟ್ರಸ್ಟೆಡ್ ಪಬ್ಲಿಷಿಂಗ್' ವ್ಯವಸ್ಥೆ ಈ ಸಂದನ್ನು ಮುಚ್ಚುವತ್ತ ಒಂದು ಹೆಜ್ಜೆ: ಯಾರದೋ ಲ್ಯಾಪ್‌ಟಾಪಿನಿಂದ ಗುಪ್ತಪದ ಬಳಸಿ ಏರಿಸುವ ಬದಲು, ಮೂಲ ಪ್ರತಿ ಇರುವ ತಾಣದ ಯಂತ್ರವೇ ಅಲ್ಲಿಂದ ಕಟ್ಟಿ ನೇರವಾಗಿ ಉಗ್ರಾಣಕ್ಕೆ ಕಳಿಸಬಹುದು. ಪ್ಯಾಕೇಜ್ ಏರಿಸುವವರೆಲ್ಲ ಎರಡು ಹಂತದ ಗುರುತು ತೋರಿಸಲೇಬೇಕೆಂದೂ ಪೈಪಿಐ ನಿಯಮ ಮಾಡಿತು. ಹೊಸಬರಿಗೆ ಇವೆಲ್ಲ ಕಿರಿಕಿರಿ ಎನಿಸುತ್ತವೆ. ಕಿರಿಕಿರಿ ಹೌದು, ಅನಗತ್ಯವಲ್ಲ.

ಅವಸರದ ಇನ್ನೊಂದು ಬೆಲೆ, ಪ್ರಕಟವಾದದ್ದನ್ನು ಹಿಂದಕ್ಕೆ ಪಡೆಯಲಾಗದು. 2016ರ ಮಾರ್ಚ್‌ನಲ್ಲಿ ಲೆಫ್ಟ್-ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು ಅದರ ಲೇಖಕ ಎನ್‌ಪಿಎಂನಿಂದ ತೆಗೆದುಹಾಕಿದಾಗ ಅದನ್ನು ನೆಚ್ಚಿಕೊಂಡಿದ್ದ ಸಾವಿರಾರು ಯೋಜನೆಗಳು ಮುಗ್ಗರಿಸಿದವು. ಅಂದಿನಿಂದ ಅಳಿಸುವ ನಿಯಮಗಳು ಬಿಗಿಯಾದವು. ಒಮ್ಮೆ ಬಳಸಿದ ಆವೃತ್ತಿ ಸಂಖ್ಯೆಯನ್ನು ಮತ್ತೆ ಬಳಸುವಂತೆಯೂ ಇಲ್ಲ. ಇದಕ್ಕೆ ಕನ್ನಡದಲ್ಲೇ ಒಂದು ಶಾಶ್ವತ ಉದಾಹರಣೆಯಿದೆ. ಚಾಲುಕ್ಯ ರಾಜಕುಮಾರಿ ಅಕ್ಕಾದೇವಿ ಕಿಸುಕಾಡು ಎಪ್ಪತ್ತು ಎಂಬ ನಾಡನ್ನು ಆಳುತ್ತಿದ್ದ ಕಾಲದಿಂದ ಮುಂದಿನ ಅನೇಕ ಶಿಲಾಶಾಸನಗಳು ಸೂಡಿಯಲ್ಲಿ ದೊರೆತಿವೆ. ಆ ಕಾಲದ ಹಳಗನ್ನಡವನ್ನು ಕಂಪ್ಯೂಟರಿನಲ್ಲಿ ಬರೆಯಬೇಕಾದರೆ ಇಂದಿನ ವರ್ಣಮಾಲೆಯಲ್ಲಿಲ್ಲದ ಱ, ೞ ಅಕ್ಷರಗಳು ಬೇಕು. ಯೂನಿಕೋಡ್ ಕನ್ನಡಕ್ಕೆ ಜಾಗ ಕೊಟ್ಟಾಗ ೞ ಅಕ್ಷರವನ್ನೂ ಸೇರಿಸಿತು, ಒಳ್ಳೆಯದೇ ಆಯಿತು. ಆದರೆ ಅದರ ಅಧಿಕೃತ ಹೆಸರನ್ನು 'ಕನ್ನಡ ಲೆಟರ್ ಫಾ' ಎಂದು ಬರೆದುಬಿಟ್ಟರು. ೞ ಅಕ್ಷರಕ್ಕೂ ಫಕಾರಕ್ಕೂ ಯಾವ ನಂಟೂ ಇಲ್ಲ. ತಪ್ಪೆಂದು ಯೂನಿಕೋಡ್ ಸಂಸ್ಥೆಯೇ ಒಪ್ಪಿಕೊಂಡು ಪಟ್ಟಿಯಲ್ಲಿ ಟಿಪ್ಪಣಿ ಹಾಕಿದೆ, ಸರಿಯಾದ ಪರ್ಯಾಯ ಹೆಸರನ್ನೂ ಕೊಟ್ಟಿದೆ. ಮೂಲ ಹೆಸರನ್ನು ಮಾತ್ರ ಬದಲಿಸುವಂತಿಲ್ಲ. ಒಮ್ಮೆ ಪ್ರಕಟಿಸಿದ ಹೆಸರು ಎಂದಿಗೂ ಬದಲಾಗದು ಎಂಬುದು ಅವರ ನಿಯಮ, ಅದನ್ನು ನಂಬಿ ಬರೆದ ತಂತ್ರಾಂಶಗಳು ಮುರಿಯಬಾರದೆಂಬುದು ಅದರ ಉದ್ದೇಶ. ಹಳಗನ್ನಡ ಬಲ್ಲ ಒಬ್ಬರು ಆ ಪಟ್ಟಿಯನ್ನು ಪ್ರಕಟಣೆಗೆ ಮುಂಚೆ ಒಮ್ಮೆ ಗಮನವಿಟ್ಟು ಓದಿದ್ದರೆ ಸಾಕಿತ್ತು.

ದೂರದ ದೇಶದಲ್ಲಿ ಕೂತ, ಕನ್ನಡದ ಒಂದಕ್ಷರ ಬಾರದ ಮೇಂಟೇನರ್ ನಮ್ಮ ಭಾಷೆಯ ತಿದ್ದುಪಡಿಯನ್ನು ಒಪ್ಪುವುದೋ ಬಿಡುವುದೋ ಎಂದು ತೀರ್ಮಾನಿಸುವುದು ಯಾವ ನ್ಯಾಯ ಎಂಬ ಆಕ್ಷೇಪ ಇಲ್ಲಿಂದಲೇ ಹುಟ್ಟುತ್ತದೆ. ಇದು ಗಟ್ಟಿಯಾದ ಆಕ್ಷೇಪ. 'ರ‍್ಯಾಂಕ್' ಎಂಬ ಪದವನ್ನೇ ನೋಡಿ. ರಕಾರದ ನಂತರ ಹಲಂತ ಬಂದರೆ ಕನ್ನಡದಲ್ಲಿ ಸಾಮಾನ್ಯವಾಗಿ ಅರ್ಕಾವೊತ್ತು ಆಗುತ್ತದೆ. ಈ ಪದದಲ್ಲಿ ಹಾಗಾಗದೆ ರಕಾರ ಪೂರ್ತಿ ಉಳಿದು ಕೆಳಗೆ ಯವೊತ್ತು ಬರಬೇಕು. ಅದಕ್ಕೆ ರ ಮತ್ತು ಹಲಂತದ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕವನ್ನು ಇಡಬೇಕೆಂದು ಯೂನಿಕೋಡ್ ಹೇಳುತ್ತದೆ. ಕಾಣದ ಆ ಚಿಹ್ನೆಯನ್ನು ಕಸವೆಂದು ಗುಡಿಸಿಹಾಕುವ ತಂತ್ರಾಂಶದಲ್ಲಿ ಪದ ಕೆಡುತ್ತದೆ. ಫಿನ್ಲೆಂಡಿನಲ್ಲೋ ಕೆನಡಾದಲ್ಲೋ ಇರುವ ಮೇಂಟೇನರ್‌ಗೆ ಕೆಟ್ಟ ರೂಪಕ್ಕೂ ಸರಿಯಾದ ರೂಪಕ್ಕೂ ಇರುವ ಅಂತರ ಕಾಣುವುದೇ ಇಲ್ಲ. ಆದರೆ ಅವರನ್ನು ದಾಟಿಹೋಗುವುದರಿಂದ ಈ ತೊಂದರೆ ತೀರುವುದಿಲ್ಲ. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆಆಫೀಸ್‌ಗಳಲ್ಲಿ ಅಕ್ಷರ ಜೋಡಿಸುವ ಕೆಲಸ ಮಾಡುವುದು ಹಾರ್ಫ್‌ಬಝ್ ಎಂಬ ಒಂದೇ ಗ್ರಂಥಾಲಯ. ಅಲ್ಲಿ ಸರಿಯಾದರೆ ಕೋಟ್ಯಂತರ ಫೋನುಗಳಲ್ಲಿ ಸರಿಯಾಗುತ್ತದೆ. ಕನ್ನಡ ಬಾರದ ಮೇಂಟೇನರ್ ನಂಬಬಹುದಾದದ್ದು ಎರಡನ್ನು. ಒಂದು, ಪರೀಕ್ಷೆ: ಈ ಅಕ್ಷರ ಸರಣಿ ಕೊಟ್ಟರೆ ಈ ರೂಪ ಬರಬೇಕು, ಈಗ ಇದು ಬರುತ್ತಿದೆ ಎಂದು ಯಂತ್ರವೇ ಹೋಲಿಸಿ ನೋಡುವಂತೆ ಬರೆದ ಪುಟ್ಟ ಕಡತ. ಇನ್ನೊಂದು, ಕೊಡುಗೆ ಕಳಿಸಿದವರಲ್ಲದ ಮತ್ತೊಬ್ಬ ಕನ್ನಡ ಬಲ್ಲವರ ಮಾತು: 'ನೋಡಿದೆ, ಸರಿಯಿದೆ.' ದಿನಾಂಕ, ತಿಂಗಳ ಹೆಸರು, ಅಂಕಿಗಳ ರೂಪ ಮುಂತಾದ ಭಾಷಾ ಮಾಹಿತಿಯನ್ನು ಫೋನುಗಳಿಗೆಲ್ಲ ಒದಗಿಸುವ ಸಿಎಲ್‌ಡಿಆರ್ ಯೋಜನೆ ಈ ಎರಡನೆಯದನ್ನು ನಿಯಮವನ್ನಾಗಿಯೇ ಮಾಡಿಕೊಂಡಿದೆ. ಅಲ್ಲಿ ಭಾಷೆ ಬಲ್ಲವರು ಮತ ಹಾಕಿ ರೂಪ ತೀರ್ಮಾನವಾಗುತ್ತದೆ. ಮತ ಹಾಕುವವರು ಕಡಿಮೆಯಿದ್ದರೆ ಕೆಲವರ ಅಭಿರುಚಿಯೇ ಎಲ್ಲರ ಫೋನಿನ ಕನ್ನಡವಾಗುತ್ತದೆ. ಮೇಂಟೇನರ್‌ಗೆ ಕನ್ನಡ ಬಾರದಿರುವುದಕ್ಕಿಂತ, ಕನ್ನಡ ಬಲ್ಲವರು ಪರಿಶೀಲನೆಯ ಜಾಗದಲ್ಲಿ ಇಲ್ಲದಿರುವುದೇ ಹೆಚ್ಚು ಕಳವಳದ ವಿಷಯ.

ಪರವಾನಗಿಯ ಮಾತನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗಬಹುದು. ಬಳಸಲು ಸ್ಪಷ್ಟ ಅನುಮತಿಯಿಲ್ಲದ ಅಕ್ಷರವಿನ್ಯಾಸವನ್ನೋ ಪದಪಟ್ಟಿಯನ್ನೋ ಯಾವ ಗಂಭೀರ ಯೋಜನೆಯೂ ಸೇರಿಸಿಕೊಳ್ಳುವುದಿಲ್ಲ, ಅದು ಎಷ್ಟೇ ಚೆನ್ನಾಗಿರಲಿ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು 'ಅಲರ್' 2019ರಲ್ಲಿ ಹೊರಬಂದಾಗ ಅದರ ಒಂದೂವರೆ ಲಕ್ಷ ಪದಗಳ ದತ್ತಾಂಶವನ್ನೂ ಮುಕ್ತ ಪರವಾನಗಿಯಲ್ಲಿ ಬಿಟ್ಟರು. ಹಾಗೆ ಬಿಟ್ಟದ್ದರಿಂದಲೇ ಬೇರೆಯವರು ಅದನ್ನು ತಮ್ಮ ತಂತ್ರಾಂಶಗಳಲ್ಲಿ ಸೇರಿಸಿ ಪ್ರಕಟಿಸಲು ಸಾಧ್ಯ.

ಕೊನೆಗೆ ಉಳಿಯುವುದು ಹಣದ ಪ್ರಶ್ನೆ. ಲಾಭ ಕಂಪನಿಗಳದು, ದುಡಿಮೆ ಸ್ವಯಂಸೇವಕರದು ಎಂಬ ದೂರು ನಿಜ. ಎಕ್ಸ್‌ಝಡ್‌ನ ಪಾಲಕರು ದಣಿಯದೆ ಇದ್ದಿದ್ದರೆ ಆ ಕಥೆಯೇ ಬೇರೆಯಾಗುತ್ತಿತ್ತು. ಜರ್ಮನಿ 2022ರಲ್ಲಿ ಸಾವರಿನ್ ಟೆಕ್ ಫಂಡ್ ಮಾಡಿ ಸಾರ್ವಜನಿಕ ಹಣದಿಂದ ಇಂಥ ಪಾಲನೆಗೆ ಸಂಬಳ ಕೊಡತೊಡಗಿತು. ಬೆಂಗಳೂರಿನ ಝೆರೋಧಾ ಕಂಪನಿ 2024ರಲ್ಲಿ ಓಪನ್ ಸೋರ್ಸ್ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವ ನಿಧಿ ಪ್ರಕಟಿಸಿತು. ಕರ್ನಾಟಕ ಸರ್ಕಾರವೂ ಕನ್ನಡ ತಂತ್ರಾಂಶಕ್ಕೆ ಹಣ ಕೊಟ್ಟಿದೆ, ಕೊಡುತ್ತಲೂ ಇರಬೇಕು. ಆದರೆ ಯಾವುದಕ್ಕೆ ಕೊಡಬೇಕು ಎಂಬಲ್ಲಿ ಎಚ್ಚರ ಬೇಕು. ಕೊಡುಗೆಗಳ ಎಣಿಕೆಗೆ ಬಹುಮಾನ ಕಟ್ಟಿದರೆ ಏನಾಗುತ್ತದೆಂಬುದು 2020ರ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಅಭಿಯಾನದಲ್ಲಿ ಗೊತ್ತಾಯಿತು. ಅಕ್ಟೋಬರ್‌ನಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಟೀ ಶರ್ಟ್ ಎಂದದ್ದೇ ತಡ, ಎಲ್ಲೋ ಒಂದು ಪದ ಸೇರಿಸಿದ, ಎಲ್ಲೋ ಒಂದು ವಿಶೇಷಣ ಅಂಟಿಸಿದ ಹುಸಿ ತಿದ್ದುಪಡಿಗಳು ಮೇಂಟೇನರ್‌ಗಳ ಮೇಲೆ ಸುರಿದವು. ಯೋಜನೆಗಳು ತಾವಾಗಿ ಒಪ್ಪಿಗೆ ಕೊಟ್ಟರೆ ಮಾತ್ರ ಲೆಕ್ಕ ಎಂದು ಆಯೋಜಕರು ಆ ತಿಂಗಳ ಮೊದಲ ವಾರದಲ್ಲೇ ನಿಯಮ ಬದಲಿಸಬೇಕಾಯಿತು. ಹಣ ಹೋಗಬೇಕಾದದ್ದು ಪರಿಶೀಲಿಸುವವರ ಸಮಯಕ್ಕೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೋ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲೋ ಹಳಗನ್ನಡ ಬಲ್ಲ ಒಬ್ಬರಿಗೆ, ಅವರ ಜೊತೆ ಕೂರುವ ಒಬ್ಬ ಎಂಜಿನಿಯರಿಗೆ, ವಾರಕ್ಕೆ ಒಂದು ದಿನದ ಸಂಬಳವನ್ನು ಐದು ವರ್ಷ ಕೊಟ್ಟರೆ ಸಾಕು. ಫಾಂಟುಗಳಿಗೆ, ಹಾರ್ಫ್‌ಬಝ್‌ಗೆ, ಕೀಲಿಮಣೆಗಳಿಗೆ ಬರುವ ಕನ್ನಡದ ತಿದ್ದುಪಡಿಗಳನ್ನು ಓದಿ ಅವರು ತಮ್ಮ ಹೆಸರಿನಲ್ಲಿ ಅಭಿಪ್ರಾಯ ಬರೆಯಲಿ. ಅವರ ಮೊದಲ ವರ್ಷದ ಕೆಲಸಕ್ಕೆ ವಸ್ತು ದೂರ ಹುಡುಕಬೇಕಿಲ್ಲ: ೞ, ಱ ಅಕ್ಷರಗಳೂ ಅವುಗಳ ಒತ್ತುಗಳೂ ಬರುವ ಶಾಸನದ ಸಾಲುಗಳನ್ನು ಆರಿಸಿ, ಮುಕ್ತವಾಗಿ ಸಿಗುವ ಒಂದೊಂದು ಕನ್ನಡ ಫಾಂಟಿನಲ್ಲೂ ಹಾಕಿ ನೋಡಿ, ಎಲ್ಲಿ ಕೆಡುತ್ತದೋ ಅದನ್ನು ಪರೀಕ್ಷಾ ಕಡತದ ಸಮೇತ ಆಯಾ ಮೂಲಕ್ಕೆ ಕಳಿಸುವುದು, ಸರಿಪಡಿಸಿದ ಆವೃತ್ತಿ ಡೆಬಿಯನ್ನಿನ ಸ್ಥಿರ ಶಾಖೆಗೆ ಇಳಿಯುವವರೆಗೂ ಬೆನ್ನುಬಿಡದಿರುವುದು.